ಕೊಟ್ಟಿಗೆಯಲ್ಲಿ ಮಳೆಗಾಲ ಕಳೆದ ಜೀಪು

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆ ಕಡೆ ನಮ್ಮ ಕಿತ್ತಳೆ ತೋಟ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಜೀಪೊಂದು ಕೈಯಿಂದ ಕೈಗೆ ದಾಟಿ ಕೊನೆಗೆ ನಮ್ಮ ಮನೆಗೆ ಬಂತು. ತೋಟದಿಂದ ದೊಡ್ಡ ರಸ್ತೆಗೆ ಹೋಗುವ ದಾರಿ ಬರೀ ಏರು, ಕಲ್ಲು. ಹೊರೆ ಹಾಕಿದರೆ ಎತ್ತುಗಳು ಅಲ್ಲಿ ಮಂಡಿಯೂರುತ್ತಿದ್ದವು. ಜೀಪು ಹತ್ತುತ್ತಿತ್ತು. ಅದರ ಹೆಚ್ಚುಗಾರಿಕೆ ಅಷ್ಟೇ.

ಮಳೆಗಾಲಕ್ಕೆ ಅದನ್ನು ಎಲ್ಲಿ ನಿಲ್ಲಿಸುವುದು ಎಂಬ ಮಾತು ಬಂದಾಗ ನನ್ನ ಗಂಡನ ಅಪ್ಪ, ಮಾವ, "ಹೊರೆ ಹೊರೋದು ಎತ್ತಿನ ಜೊತೇಲೇ ಇರ್ಲಿ" ಎಂದು ಕೊಟ್ಟಿಗೆಗೆ ಹೊಡೆಸಿದರು. ಅವರ ಮಟ್ಟಿಗೆ ಅದು ಮರ್ಯಾದೆ. ಸೋಮವಾರ ಎತ್ತಿನ ಹಣೆಗೆ ವಿಭೂತಿ ಹಚ್ಚಿದ ಕೈಯಲ್ಲೇ ಜೀಪಿನ ಮೂತಿಗೂ ಹಚ್ಚುತ್ತಿದ್ದರು. ಆದರೆ ಗಂಜಲ ಹರಿಯುವ ಕಾಲುವೆ ಅದರ ಹಿಂದಿನ ಚಕ್ರದ ಕೆಳಗೇ ಇತ್ತು. ಇಡೀ ಮಳೆಗಾಲ ಜೀಪು ಆ ಗಂಜಲ, ಸಗಣಿಯಲ್ಲಿ ನಿಂತಿತು.

ಮಳೆ ಬಿಟ್ಟ ಮೇಲೆ ತಳ್ಳಿದರೆ ಅಲ್ಲಾಡಲಿಲ್ಲ. ಬ್ರೇಕು ಹಿಡಿದುಕೊಂಡಿತ್ತು. ಎತ್ತು ಕಟ್ಟಿ ಅಂಗಳಕ್ಕೆ ಎಳೆಸಿದೆವು. ತಳದ ತಗಡು ಹಪ್ಪಳದ ಹಾಗೆ ಕೈಗೆ ಬಂತು. ಹಿಂದೆ ಭಾರ ಹೊರುವ ಕಮಾನು ಪಟ್ಟಿಯೊಂದು ತುಕ್ಕು ತಿಂದು ಮುರಿದಿತ್ತು. ಅದನ್ನು ಬದಲಾಯಿಸಲು ಪಟ್ಟಿಗಳನ್ನು ಚಕ್ರದ ಅಚ್ಚಿಗೆ ಬಿಗಿದಿದ್ದ ನಾಲ್ಕು ನಟ್ಟು ಬಿಚ್ಚಬೇಕು. ನಾಲ್ಕೂ ಬೋಲ್ಟಿಗೆ ಅಂಟಿ ಒಂದೇ ಕಬ್ಬಿಣವಾಗಿದ್ದವು.

ನನಗೆ ಜೀಪಿನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಅದು ಓಡದಿದ್ದರೆ ಹಣ್ಣಿನ ಬುಟ್ಟಿಗಳು ಹೆಂಗಸರ ತಲೆಯ ಮೇಲೆ ರಸ್ತೆಗೆ ಹೋಗಬೇಕು. ಮನೆಯಲ್ಲಿ ಹೊರುವ ಹೆಂಗಸು ನಾನೊಬ್ಬಳೇ. ಜೀಪು ಬರುವ ಮುಂಚಿನ ವರ್ಷ ಹಾಗೆ ಹೊತ್ತು, ಆ ಏರಿನಲ್ಲೇ ಹೊಟ್ಟೆಯಲ್ಲಿದ್ದದ್ದು ಹೋಯಿತು. ಈಗ ಮತ್ತೆ ನಾಲ್ಕು ತಿಂಗಳು. ತೋಟದಲ್ಲಿ ಕಾಯಿ ಬಣ್ಣ ತಿರುಗುತ್ತಿತ್ತು.

ಹಾಗಾಗಿ ಗಂಡನ ಜೊತೆ ನಾನೂ ಜೀಪಿನಡಿ ಮಲಗಿದೆ. ಗೋಣಿ ಹಾಸಿಕೊಂಡು, ಬೋಲ್ಟು ತಿರುಗದಂತೆ ಇಕ್ಕಳದಲ್ಲಿ ಹಿಡಿಯುವುದು ನನ್ನ ಕೆಲಸ. ಅವರು ನಟ್ಟಿಗೆ ಪಾನಾ ಹಾಕಿ ಎಳೆಯುತ್ತಿದ್ದರು. ತುಕ್ಕಿನ ಪುಡಿ ಕಣ್ಣಿಗೆ, ಬಾಯಿಗೆ. ಸಂಜೆ ಸೀಮೆಎಣ್ಣೆ ಹಾಕಿ ನೆನೆಯಬಿಡುವುದು, ಬೆಳಿಗ್ಗೆ ಸುತ್ತಿಗೆಯಲ್ಲಿ ಬಡಿಯುವುದು, ಮತ್ತೆ ಎಳೆಯುವುದು. ಪಾನಾ ಜಾರಿ ಅವರ ಬೆರಳಿನ ಗೆಣ್ಣಿನ ಚರ್ಮ ಕಿತ್ತುಹೋಗಿತ್ತು. ಅನ್ನ ಕಲಸಲೂ ಆಗುತ್ತಿರಲಿಲ್ಲ.

ಮಾವ ಜಗಲಿಯಲ್ಲಿ ಕೂತು ಎಲೆ ಹಾಕುತ್ತಾ ಹೇಳುತ್ತಿದ್ದರು, "ನನ್ನೆತ್ತುಗಳನ್ನ ನೋಡ್ರೋ. ಅಷ್ಟೇ ದಿನ ಅಲ್ಲೇ ನಿಂತಿದ್ವು. ಏನಾಗಿದೆ ಅವಕ್ಕೆ?"

"ಎತ್ತಿಗೆ ತುಕ್ಕು ಹಿಡಿಯಲ್ಲ ಮಾವ" ಎಂದೆ ಕೆಳಗಿನಿಂದ.

"ಬಾಯಿಗೂ ಹಿಡಿಯಲ್ಲ, ಕಾಣುತ್ತೆ" ಎಂದರು.

ಗಂಡ ಪಾನಾ ಎಳೆಯುತ್ತಲೇ ಇದ್ದರು. ಅಪ್ಪನೆದುರು ಅವರಿಗೆ ಮಾತು ಹೊರಡುತ್ತಿರಲಿಲ್ಲ.

ಕೊನೆಗೆ ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿದೆವು. ಮಲೆಯಾಳದ ಕಡೆಯವರು, ಎಲ್ಲರೂ ಕಾಕ ಎನ್ನುತ್ತಿದ್ದರು. ಬಗ್ಗಿ ಕೆಳಗೆ ನೋಡಿ ಮೂಗು ಮುಚ್ಚಿಕೊಂಡರು. "ಎಂತ ಗೌಡ್ರೇ ಇದು? ಕೊಟ್ಟಿಗೇಲಿ ಕಟ್ಟಿದ್ದು ಸರಿ, ಹುಲ್ಲೂ ಹಾಕಿದ್ರಾ?"

ಮಾವ ಎದ್ದು ಒಳಗೆ ಹೋದರು.

ಕಾಕ ತೆಂಗಿನ ಚಿಪ್ಪಿನ ಕೆಂಡ ಮಾಡಿಸಿ, ಊದುಕೊಳವೆಯಲ್ಲಿ ಊದಿ ನಟ್ಟು ಕಾಯಿಸಿದರು. ಜೇನುಮೇಣ ಇದೆಯಾ ಎಂದು ಕೇಳಿದರು. ಹಿಮ್ಮಡಿ ಒಡಕಿಗೆ ಹಚ್ಚಲು ಇಟ್ಟುಕೊಂಡಿದ್ದ ಉಂಡೆಯನ್ನು ಕೊಟ್ಟೆ. ಬಿಸಿ ನಟ್ಟಿಗೆ ಮುಟ್ಟಿಸಿದರೆ ಮೇಣ ಕರಗಿ ಸಂದಿಗೆ ಇಳಿಯಿತು. ಮತ್ತೆ ನಾನು ಹಿಡಿದೆ, ಗಂಡ ಎಳೆದರು. ಒಂದು ಕಿರ್ರೆಂದು ತಿರುಗಿತು. ಎರಡನೆಯದು, ಮೂರನೆಯದೂ ಬಂತು. ನಾಲ್ಕನೆಯದು ಬೋಲ್ಟಿನ ಸಮೇತ ಮುರಿಯಿತು.

"ಹೋಯ್ತು. ಇಂಥ ಬೋಲ್ಟು ಮೈಸೂರಿಂದ ಬರಬೇಕು" ಎಂದರು ಕಾಕ. "ಬರೋದು ಯಾವಾಗಾಂತ ಪಡೆಚ್ಚವನಿಗೇ ಗೊತ್ತು, ಮೇಲಿರೋನಿಗೆ."

"ಅಲ್ಲೀತನಕ ಓಡಲ್ವಾ?" ಎಂದು ನಾನೇ ಕೇಳಿದೆ.

ಅವರು ತಮ್ಮಲ್ಲಿದ್ದ ಹಳೆಯ ಪಟ್ಟಿ ಹಾಕಿದರು. ಮುರಿದ ಬೋಲ್ಟಿನ ಜಾಗದಲ್ಲಿ ಪಟ್ಟಿಯನ್ನು ಅಚ್ಚಿಗೆ ಸೇರಿಸಿ ದಪ್ಪ ತಂತಿಯಲ್ಲಿ ಬಿಗಿದರು. ಬ್ರೇಕು ಬಿಡಿಸಿದರು. "ಅರ್ಧ ಲೋಡು, ಮೆಲ್ಲಗೆ. ಪೂರ್ತಿ ಹಾಕಿದ್ರೆ ಆ ಏರಲ್ಲೇ ಅಚ್ಚು ಜಾರುತ್ತೆ. ಆಮೇಲೆ ನನ್ನ ಕರೀಬೇಡಿ" ಎಂದು ಹೊರಟುಹೋದರು.

ಹಣ್ಣು ಕೊಯ್ದು ರಾಶಿ ಹಾಕಿದ ದಿನ ಮಾವ ಮುಂದೆ ನಿಂತು ಬುಟ್ಟಿ ಏರಿಸಿದರು. ಅರ್ಧ ಆಯಿತು. ನಿಲ್ಲಿಸಲಿಲ್ಲ. ಜೀಪಿನ ಹಿಂಭಾಗ ಕುಗ್ಗಿತು, ತಂತಿ ಕಿರುಗುಟ್ಟಿತು. ಗಂಡ ಸ್ಟೀರಿಂಗ್ ಹಿಡಿದು ನೆಲ ನೋಡುತ್ತಿದ್ದರು. ಜೀಪು ಆ ಏರಿನಲ್ಲಿ ಕೂತರೆ ಉಳಿದ ಹಣ್ಣೆಲ್ಲ ಯಾರ ತಲೆಗೆ ಬರುತ್ತದೆ ಎಂದು ನಮ್ಮ ಮೂವರಲ್ಲಿ ನನಗೊಬ್ಬಳಿಗೇ ಚಿಂತೆ. ಹೋಗಿ ಮೇಲಿನ ಬುಟ್ಟಿಯನ್ನು ಎಳೆದು ಕೆಳಗಿಟ್ಟೆ. ಇನ್ನೊಂದನ್ನೂ ಇಳಿಸಿದೆ.

"ಏನೇ ಅದು? ನಿಂಗೆ ಜೀಪು ಓಡ್ಸೋಕೆ ಬರುತ್ತಾ?" ಎಂದರು ಮಾವ.

"ಇಳಿಸೋಕೆ ಬರುತ್ತೆ."

ಅವರು ಒಂದು ಬುಟ್ಟಿ ಎತ್ತಿ ಮತ್ತೆ ಮೇಲಿಟ್ಟರು. ನಾನು ಅದನ್ನೇ ಇಳಿಸಿದೆ. ಕೊಯ್ಲಿಗಷ್ಟೇ ಬಂದಿದ್ದ ಆಳುಗಳು ನೋಡುತ್ತಿದ್ದರು. ಆಗ ಗಂಡ ಜೀಪಿನಿಂದ ಇಳಿದರು. ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಉಳಿದ ಬುಟ್ಟಿಗಳನ್ನು ತಾವೇ ಇಳಿಸಿದರು, ಅರ್ಧಕ್ಕೆ ಬರುವ ತನಕ. ಆಮೇಲೆ ಜೀಪು ಹತ್ತಿ ಹೊರಟರು. ಅದು ತಿಣುಕುತ್ತಾ ತಿಣುಕುತ್ತಾ ಏರು ಹತ್ತಿತು.

ಇಡೀ ಸುಗ್ಗಿ ಹೀಗೇ, ಅರ್ಧರ್ಧ ಲೋಡು. ತಡವಾಗಿ ರಾಶಿಯಡಿಯ ಹಣ್ಣು ಕೊಳೆತು ಗೊಬ್ಬರದ ಗುಂಡಿಗೆ ಹೋಯಿತು. ಅದಕ್ಕೆ ಮಾವ ದಿನಾ ನನ್ನನ್ನೇ ಬೈದರು. ಬೈಸಿಕೊಂಡೆ. ತಲೆಯ ಮೇಲೆ ಬುಟ್ಟಿ ಬರಲಿಲ್ಲ. ಬೇಸಿಗೆಯಲ್ಲಿ ಹೆತ್ತೆ. ಹೆಣ್ಣು, ಬದುಕಿತು.