ನನ್ನ ನಾದಿನಿಯ ಡಿಸೈನ್ ಓದು

ನನ್ನ ನಾದಿನಿಗೆ ಎಲ್ಲರೂ ಇಟ್ಟ ಹೆಸರು ಸ್ಕೇಲು. ಗೋಡೆಯ ಮೇಲಿನ ಫೋಟೊ ಒಂದು ಚೂರು ವಾಲಿದ್ದರೂ ಅವಳಿಗೆ ಊಟ ಸೇರುವುದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ನಾನು ಹರವಿದ ಬಟ್ಟೆಗಳನ್ನು ಅವಳು ಹಿಂದಿನಿಂದಲೇ ಬಂದು ಅಂಚಿಗೆ ಅಂಚು ಕೂಡಿಸಿ ಮತ್ತೆ ಹರವುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೆ ನಮ್ಮ ಪ್ರಿಂಟಿಂಗ್ ಅಂಗಡಿ ನಡೆಯುತ್ತಿದ್ದದ್ದು ಅದೇ ಕಣ್ಣಿನಿಂದ, ಒಪ್ಪಲೇಬೇಕು.

ಅಂಗಡಿ ಎಂದರೆ ಮುಂದೊಂದು ಕೌಂಟರು, ಹಿಂದೆ ಗಡಗಡ ಎನ್ನುವ ಮೆಷಿನ್ನುಗಳು, ನಡುವೆ ಅವಳ ಕಂಪ್ಯೂಟರು, ಅದರ ಪಕ್ಕದಲ್ಲೊಂದು ಸ್ಟೂಲು. ಗಿರಾಕಿ ಆ ಸ್ಟೂಲಿನ ಮೇಲೆ ಕೂತು, ಪರದೆಗೆ ಬೆರಳು ಒತ್ತಿ, "ಇದು ದೊಡ್ಡದು ಮಾಡಮ್ಮ, ಅದು ಕೆಂಪು ಮಾಡಮ್ಮ" ಎನ್ನುತ್ತಾನೆ. ಅವಳು ಮಾಡುತ್ತಾಳೆ. ಪ್ರಿಂಟಿಗೆ ಮಾತ್ರ ದುಡ್ಡು, ಡಿಸೈನು ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಮರ್ಯಾದೆ ಕೊಡುತ್ತಾರೆ, ನೀವೇ ಹೇಳಿ.

ಒಂದು ದಿನ ನೆಲ ಒರೆಸುವ ದ್ರಾವಣ ತಯಾರಿಸುವ ಸಾಹುಕಾರರು ಲೇಬಲ್ ಮಾಡಿಸಲು ಬಂದರು. ಹಳದಿ ದ್ರಾವಣ, ನಿಂಬೆಯ ವಾಸನೆ. ಲೇಬಲ್ಲಿನ ಮೇಲೆ ಹೆಚ್ಚಿದ ನಿಂಬೆಹಣ್ಣು ಬೇಕು, ಅದರಿಂದ ಹನಿ ತೊಟ್ಟಿಕ್ಕಬೇಕು ಎಂದರು. ಸ್ಕೇಲು ಮಾಡಿದಳು, ಸ್ವಲ್ಪ ಹೊತ್ತು ನೋಡಿದಳು, ಮೌಸಿನಿಂದ ಕೈ ತೆಗೆದಳು.

"ಇದು ಸರಿ ಕಾಣ್ತಿಲ್ಲ ಸಾರ್."

"ಯಾಕಮ್ಮ?"

"ಗೊತ್ತಿಲ್ಲ. ಏನೋ ಒಂಥರ ಇದೆ."

"ಏನಾಗಿದೆ ಅಂತ ಹೇಳು, ಬದಲಾಯಿಸೋಣ."

ಅವಳು ತಡವರಿಸಿದಳು. "ಚೆನ್ನಾಗಿಲ್ಲ ಅನ್ಸುತ್ತೆ, ಅಷ್ಟೇ."

"ನನಗೆ ಚೆನ್ನಾಗೇ ಕಾಣ್ತಿದೆಯಲ್ಲ. ಪ್ರಿಂಟಿಗೆ ಹಾಕಮ್ಮ."

ಹಾಕಿದಳು. ಬೇಡ ಎನ್ನಲು ನಮಗೇನಾಗಿತ್ತು? ಒಳ್ಳೆ ದೊಡ್ಡ ಆರ್ಡರು.

ಅದೇ ಸಮಯದಲ್ಲಿ ಅವಳಿಗೆ ಡಿಸೈನ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಯಾರಿಗೂ ಹೇಳದೆ ಪರೀಕ್ಷೆ ಬರೆದು ಬಂದಿದ್ದಳು, ಕಳ್ಳಿ. ನಾಲ್ಕು ವರ್ಷದ ಡಿಗ್ರಿ. ಫೀಸೋ, ಕೇಳಲೇಬೇಡಿ. ಅವಳು ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಅದಕ್ಕೇ ಗುಳುಂ. ಆ ದುಡ್ಡನ್ನು ಹೊಸ ಮೆಷಿನ್ನಿಗೆ ಹಾಕು, ಅಂಗಡಿಯಲ್ಲಿ ಅರ್ಧ ಪಾಲು ನಿನ್ನದು ಎಂದು ನಮ್ಮ ಯಜಮಾನರು, ಅಂದರೆ ಅವಳ ಅಣ್ಣ, ಆಗಲೇ ಮಾತು ಕೊಟ್ಟಿದ್ದರು. ಮೆಷಿನ್ನು ಎಷ್ಟು ದುಡಿದುಕೊಡುತ್ತದೆ ಎಂದು ನಮಗೆ ಗೊತ್ತು. ಡಿಗ್ರಿ ಎಷ್ಟು ದುಡಿದುಕೊಡುತ್ತದೆ?

ತಿಳಿದುಕೊಳ್ಳೋಣವೆಂದು ಅದೇ ಕಾಲೇಜಿನಲ್ಲಿ ಓದಿದ ಎದುರುಮನೆಯ ಸೊಸೆಯ ಹತ್ತಿರ ಹೋದಳು. ಜೊತೆಗೆ ನಾನೂ ಹೋದೆ, ಬಿಡುತ್ತೇನೆಯೇ?

"ಸುಳ್ಳು ಯಾಕೆ ಹೇಳ್ಲಿ," ಎಂದಳು ಆ ಹುಡುಗಿ. "ಮೊದಲೆರಡು ವರ್ಷ ನೀವೀಗ ದುಡಿಯೋದಕ್ಕಿಂತ ಕಡಿಮೆ ಸಂಬಳ ಬಂತು. ನನ್ನ ಜೊತೆ ಓದಿ ಈ ಕೆಲಸನೇ ಬಿಟ್ಟೋರೂ ಇದಾರೆ."

"ಮತ್ತೆ ಅಲ್ಲಿ ಕಲಿತಿದ್ದಾದ್ರೂ ಏನಮ್ಮ?" ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

"ಒಂದು ಬಣ್ಣ ಹಚ್ಚಿದ್ರೂ ಯಾಕೆ ಹಚ್ಚಿದೆ ಅಂತ ಎಲ್ಲರ ಮುಂದೆ ನಿಲ್ಲಿಸಿ ಕೇಳೋರು. ಹೇಳೋಕೆ ಬರದೆ ಇದ್ರೆ ಇಡೀ ಕೆಲಸ ಮತ್ತೆ ಮಾಡ್ಬೇಕು. ಎಷ್ಟು ಸಲ ಅತ್ತಿದೀನೋ. ಈಗ ಆಫೀಸಲ್ಲಿ ಬೇಡ ಅಂದ್ರೆ, ಯಾಕೆ ಬೇಡ ಅಂತ ಬಿಡಿಸಿ ಹೇಳೋಕೆ ಬರುತ್ತೆ."

ಮನೆಗೆ ಬಂದ ಮೇಲೆ ನಾನು ಆಡಿಕೊಂಡೆ: "ಮಾತಾಡೋದು ಕಲಿಯೋಕೆ ಅಷ್ಟು ದುಡ್ಡಾ? ನನ್ನ ಹತ್ರ ಬಾ, ಪುಕ್ಕಟೆ ಕಲಿಸ್ತೀನಿ."

ಸ್ಕೇಲೂ ನಕ್ಕಳು. ಮೆಷಿನ್ನಿಗೇ ಹಾಕೋಣ ಅತ್ತಿಗೆ ಎಂದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೆಷಿನ್ನಿಗೆ ಮುಂಗಡ ಕೊಡಬೇಕಾದ ವಾರ ಸಾಹುಕಾರರು ಬಂದರು. ಕೂರಲಿಲ್ಲ. ಅವರ ಪುಟ್ಟ ಮೊಮ್ಮಗಳು ಮನೆಯಲ್ಲಿದ್ದ ಆ ಬಾಟಲಿಯನ್ನು ಶರಬತ್ತೆಂದುಕೊಂಡು ಕುಡಿದುಬಿಟ್ಟಿದ್ದಳು. ಜೀವಕ್ಕೆ ಭಯವಿಲ್ಲವಂತೆ, ಆದರೆ ಬಾಯಿ ಗಂಟಲೆಲ್ಲ ಬೆಂದು ಆಸ್ಪತ್ರೆಯಲ್ಲಿದ್ದಳು.

"ಬಾಟಲಿಗಳನ್ನೆಲ್ಲ ವಾಪಸ್ ತರಿಸ್ತಿದೀನಿ. ಲೇಬಲ್ ಬೇರೆ ಮಾಡ್ಕೊಡಮ್ಮ," ಎಂದರು. "ನಿನ್ನ ತಪ್ಪೇನಿಲ್ಲ. ನಾನು ಹೇಳಿದ್ದನ್ನ ನೀನು ಮಾಡಿದೆ."

ಅವರು ಸಮಾಧಾನ ಹೇಳಿದಷ್ಟೂ ಅವಳ ಮುಖ ಬಿಳಿಚಿಕೊಂಡಿತು. ನಿಂಬೆಹಣ್ಣು ತೆಗೆದು ನೆಲ ಒರೆಸುವ ಬಕೆಟ್ಟಿನ ಚಿತ್ರ ಹಾಕಿದಳು, ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಮೇಲೆಯೇ ದಪ್ಪಕ್ಷರದಲ್ಲಿ ಬರೆದಳು. ಸಾಹುಕಾರರು ಏನನ್ನೂ ಬದಲಾಯಿಸದೆ ಒಪ್ಪಿದರು.

ಮರುದಿನ ತಿಂಡಿಗೆ ಕೂತಾಗ, ಕಾಲೇಜಿಗೆ ಸೇರುತ್ತೇನೆ ಎಂದಳು.

"ಲೆಕ್ಕ ಹಾಕಿ ನೋಡಿದೀಯಾ?" ಯಜಮಾನರು ಕೇಳಿದರು. "ಆ ದುಡ್ಡು ವಾಪಸ್ ಬರೋದು ಯಾವ ಕಾಲಕ್ಕೆ?"

"ಬರದೇನೂ ಇರಬಹುದು ಅಣ್ಣ."

ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಅಂಗಡಿ ಕೈಗೆ ಬರುವ ಹೊತ್ತಿಗೆ ಒದೆಯುವುದೆಂದರೆ! "ಅಲ್ಲ ಕಣೆ, ನೀನು ಡಿಗ್ರಿ ಮಾಡಿದ್ದಿದ್ರೆ ಆ ಸಾಹುಕಾರರು ನಿನ್ನ ಮಾತು ಕೇಳ್ತಿದ್ರಾ? ಆ ಮನುಷ್ಯ ಯಾರ ಮಾತನ್ನ ಕಿವಿ ಮೇಲೆ ಹಾಕ್ಕೊಂಡಿದಾರೆ?"

"ಕೇಳ್ತಿದ್ರು ಅತ್ತಿಗೆ. ಯಾಕಮ್ಮ ಅಂದ್ರು. ಏನಾಗಿದೆ ಹೇಳು, ಬದಲಾಯಿಸೋಣ ಅಂತಾನೂ ಅಂದ್ರು. ಕುಡಿಯೋ ಬಾಟಲಿ ಥರ ಇದೆ ಅನ್ನೋ ಒಂದು ಮಾತು ನನ್ನ ಬಾಯಿಗೆ ಬರ್ಲಿಲ್ಲ."

ಯಜಮಾನರು ಕೈ ತೊಳೆದು ಬಂದು ಮೆಷಿನ್ನಿನವರಿಗೆ ಫೋನ್ ಮಾಡಿ ಈಗ ಬೇಡ ಎಂದರು. ಯಾಕೆಂದು ಅವರು ಕೇಳಿರಬೇಕು.

"ನನ್ನ ತಂಗಿ ಓದ್ತಾಳೆ," ಎಂದರು.