ನೋಡದೆ ಬರೆದ ಚಂದ್ರ

ಮೊನ್ನೆ ಕೊಬ್ಬರಿ ತುರಿಯಲು ಕುಳಿತಿದ್ದೆ. ಗೌರಿ ಹಬ್ಬಕ್ಕೆ ನಾಲ್ಕೇ ದಿನವಿತ್ತು. ಅಂಗಡಿಯಿಂದ ತಂದ ಒಣಕೊಬ್ಬರಿಯ ಗಿಟುಕೊಂದನ್ನು ಪಕ್ಕದಲ್ಲಿದ್ದ ಅಮ್ಮ ಎತ್ತಿ ಮೂಸಿದಳು. ಅಮ್ಮನಿಗೆ ತೊಂಬತ್ತು ದಾಟಿದೆ. ಕಿವಿ ಮಂದ, ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ಇವತ್ತಿಗೂ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲೇ ಇದೆ.

"ಇದು ನಮ್ ಕಡೆ ಕಾಯಲ್ಲ ಬಿಡು," ಎಂದು ತೀರ್ಪು ಕೊಟ್ಟು, ಅದರ ಬೆನ್ನಿಗೇ, "ಚೌತಿ ದಿನ ಸಂಜೆ ಹೊರಗೆ ಹೋಗ್ಬೇಡ ಕಣೇ. ಒಗೆದ ಬಟ್ಟೆ ಬಿಸಿಲಿರೋವಾಗಲೇ ತಂದಿಡು. ಆ ಟೀಚರು ನಿಂಗೆ ಚಂದ್ರನ್ನ ತೋರ್ಸಿ ನಿಮ್ಮಪ್ಪ ಪಟ್ಟಿದ್ದೇ ಸಾಕು," ಎಂದಳು.

ಇದು ಪ್ರತಿ ವರ್ಷದ ಮಾತು. ಹಬ್ಬದ ಸಾಮಾನಿನ ಪಟ್ಟಿಯಲ್ಲಿ ಬೆಲ್ಲ, ಏಲಕ್ಕಿ ಆದಮೇಲೆ ಆ ಟೀಚರಿಗೂ ಒಂದು ಸಾಲು ಮೀಸಲು. ಪ್ರತಿ ವರ್ಷ ನಾನು "ಹೂಂ" ಎನ್ನುತ್ತೇನೆ. ಅರವತ್ತು ವರ್ಷಕ್ಕೂ ಮೇಲಾಯಿತು, ಹೂಂ ಎನ್ನುತ್ತಲೇ ಇದ್ದೇನೆ. ಆ ಹೂಂ ಒಂದು ಸುಳ್ಳು. ಅದರ ವಿಷಯ ನಿಮಗೆ ಹೇಳಬೇಕು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಅವಸರವಿದ್ದರೆ ಕ್ಷಮಿಸಿ.

ಆಗ ನಾನು ಅರಸೀಕೆರೆಯಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದೆ, ನನಗೆ ಹನ್ನೊಂದು ವರ್ಷ. ಅಪ್ಪನದು ಕೊಬ್ಬರಿ ವ್ಯಾಪಾರ. ಆ ವರ್ಷ ನಮಗೆ ವಿಜ್ಞಾನ ಹೇಳಿಕೊಡಲು ಹೊಸ ಟೀಚರು ಬಂದರು. ಹಳೇಬೀಡಿನವರು. ಇಪ್ಪತ್ತೆರಡು ಇಪ್ಪತ್ತಮೂರು ಇದ್ದೀತು ವಯಸ್ಸು. ಎರಡೇ ಸೀರೆ, ಒಂದು ನೀಲಿ, ಒಂದು ಕಾಫಿಪುಡಿ ಬಣ್ಣದ್ದು. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಹಲ್ಲು ಸ್ವಲ್ಪ ಮುಂದಿತ್ತು ಅಂತ. ಆ ಹಲ್ಲು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಕನ್ನಡಿ ಮುಂದೆ ನಿಂತು ನನ್ನ ಹಲ್ಲನ್ನು ನಾಲಿಗೆಯಿಂದ ಮುಂದಕ್ಕೆ ತಳ್ಳಿ ತಳ್ಳಿ ನೋಡುತ್ತಿದ್ದೆ. ಬರಲಿಲ್ಲ.

ಒಂದು ಶನಿವಾರ, ಬೆಳಗಿನ ಸ್ಕೂಲು. ಟೀಚರು ನಮ್ಮನ್ನೆಲ್ಲ ಅಂಗಳಕ್ಕೆ ಕರೆದು, "ಚಂದ್ರ ಎಲ್ಲಿದಾನೆ ಹುಡುಕ್ರೇ," ಎಂದರು. ನಾವು ಕಿಸಕ್ಕನೆ ನಕ್ಕೆವು. ಬೆಳಗ್ಗೆ ಎಂಟು ಗಂಟೆಗೆ ಚಂದ್ರನೆ? ಚಂದ್ರ ಹಗಲು ಮಲಗುತ್ತಾನೆ ಎಂದೇ ನಾನು ನಂಬಿದ್ದೆ, ನಮ್ಮ ಮಂಡಿಯ ರಾತ್ರಿ ಕಾವಲಿನ ಮುದುಕಪ್ಪನ ಹಾಗೆ. ಟೀಚರು ಪಡುವಣ ಕಡೆ ಕೈ ತೋರಿಸಿದರು. ಹುಣಸೆ ಮರದ ಮೇಲುಗಡೆ ಅರ್ಧ ಚಂದ್ರ ಬೆಳ್ಳಗೆ ನಿಂತಿದ್ದ. ದಿನಾ ಅದೇ ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದ ನಮಗೆ ಒಬ್ಬರಿಗೂ ಕಂಡಿರಲಿಲ್ಲ.

"ಯಾರ ಮನೇಲಿ ಕಾಯಿ ಸಿಗುತ್ತೆ?" ಎಂದು ಕೇಳಿದರು. ಅರಸೀಕೆರೆಯಲ್ಲಿ ಕೇಳುವ ಪ್ರಶ್ನೆಯೇ ಅದು? ನಾನೇ ಓಡಿಹೋಗಿ ಮಂಡಿಯಿಂದ ಸುಲಿದ ಕಾಯಿಯೊಂದನ್ನು ತಂದೆ. ಟೀಚರು ಅದಕ್ಕೆ ಸುಣ್ಣ ಬಳಿದು, ಬಿಸಿಲಿನಲ್ಲಿ ಚಂದ್ರನ ಪಕ್ಕಕ್ಕೇ ಬರುವ ಹಾಗೆ ಎತ್ತಿ ಹಿಡಿದರು. ಕಾಯಿಯ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು. ಮೇಲೆ ಚಂದ್ರನೂ ಹಾಗೇ, ಅದೇ ಮಗ್ಗುಲು ಬೆಳಕು.

"ಕಾಯಿಗೆ ಸ್ವಂತ ದೀಪ ಇದೆಯೇನ್ರೇ? ಇಲ್ಲ. ಚಂದ್ರನಿಗೂ ಇಲ್ಲ. ಇಬ್ಬರಿಗೂ ಸೂರ್ಯನದೇ ಬೆಳಕು. ಅದಕ್ಕೇ ಹೊಳೆಯೋ ಹೊಟ್ಟೆ ಯಾವಾಗಲೂ ಸೂರ್ಯನ ಕಡೆಗೇ ಇರುತ್ತೆ. ಕೊಂಬು ಆಚೆ ಕಡೆಗೆ."

ಆಮೇಲೆ ನನ್ನನ್ನು ಭೂಮಿ ಮಾಡಿ ನಡುವೆ ನಿಲ್ಲಿಸಿದರು. ಭೂಮಿಯಾಗಿ ನಿಲ್ಲುವುದು ಸುಲಭವಲ್ಲ, ಮೂಗು ಕೆರೆಯಬೇಕೆನಿಸಿತು. ಕಾಯಿಯ ಮೂರು ಕಣ್ಣುಗಳು ಸದಾ ನನ್ನ ಕಡೆಗಿರುವಂತೆ ಹಿಡಿದುಕೊಂಡು ನನ್ನ ಸುತ್ತ ಒಂದು ಸುತ್ತು ಬಂದರು.

"ಇದರ ಬೆನ್ನು ಕಾಣಿಸ್ತೇನೇ?"

"ಇಲ್ಲ ಟೀಚರ್."

"ನಾನೊಂದು ಸುತ್ತು ಬರೋ ಹೊತ್ತಿಗೆ ಕಾಯಿನೂ ತಾನೇ ಒಂದು ಸುತ್ತು ತಿರುಗಿಬಿಡ್ತು. ಚಂದ್ರನೂ ಹಾಗೇ. ಅದಕ್ಕೇ ಅಜ್ಜಿ ಕಂಡ ಮೊಲಾನೇ ನಿಮಗೂ ಕಾಣೋದು. ಬೆನ್ನು ತೋರ್ಸಲ್ಲ ಅವನು."

ಮೊಲವೂ ಮೊಲವಲ್ಲವಂತೆ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಕಪ್ಪು ಕಾಣುವುದು ದೊಡ್ಡ ದೊಡ್ಡ ಬಯಲುಗಳಂತೆ. ದಿನಕ್ಕೆ ಎರಡು ಘಳಿಗೆಯಷ್ಟು ತಡವಾಗಿ ಹುಟ್ಟುತ್ತಾನಂತೆ. ಹುಟ್ಟುವಾಗ ತಟ್ಟೆಯಗಲ ಕಂಡರೂ, ಕೈ ಚಾಚಿ ಕಿರುಬೆರಳು ಹಿಡಿದರೆ ಉಗುರಿನಡಿ ಮುಚ್ಚಿಹೋಗುತ್ತಾನೆ, ನೆತ್ತಿಗೆ ಬಂದಾಗಲೂ ಅಷ್ಟೇ. ಇದನ್ನು ಈಗಲೂ ಮಾಡಿ ನೋಡುತ್ತೇನೆ, ನೀವೂ ನೋಡಿ. ಪಾಠ ಮುಗಿದಮೇಲೆ ಸುಣ್ಣ ತೊಳೆದು, ಚಂದ್ರನನ್ನು ಒಡೆದು ಎಲ್ಲರೂ ತಿಂದೆವು.

ಭಾದ್ರಪದ ಹುಟ್ಟಿತು. ಟೀಚರು ನಮ್ಮ ನೋಟುಬುಕ್ಕಿನಲ್ಲಿ ಮೂವತ್ತು ಮನೆ ಗೆರೆ ಎಳೆಸಿದರು, ದಿನಕ್ಕೊಂದು ಮನೆ. ಪ್ರತಿ ಮನೆಯ ಮೂಲೆಯಲ್ಲಿ ಸೂರ್ಯ ಮುಳುಗುವ ದಿಕ್ಕಿಗೆ ಒಂದು ಚುಕ್ಕಿ. ದಿನವೂ ಚಂದ್ರನನ್ನು ನೋಡಿ ಬರೆಯಬೇಕು. ಮೋಡವಿದ್ದರೆ ಮೋಡ ಅಂತ ಬರೆಯಬೇಕು. "ಕಾಣದೇ ಇದ್ದದ್ದನ್ನ ಕಾಣಲಿಲ್ಲ ಅಂತ ಬರೆಯೋದೂ ಪಾಠವೇ ಕಣ್ರೇ," ಎಂದರು. ಆಮೇಲೆ ದನಿ ತಗ್ಗಿಸಿ, "ಚೌತಿ ದಿನದ್ದು ಖಾಲಿ ಬಿಡಿ. ಮನೇಲಿ ಹಿರಿಯರು ಬೇಡ ಅಂತಾರಲ್ಲ, ಬೇಡ. ಒಂದು ದಿನ ನೀವು ನೋಡದಿದ್ರೆ ಚಂದ್ರನೇನೂ ಸವೆದು ಹೋಗಲ್ಲ," ಎಂದು ನಕ್ಕರು, ಕೈ ಅಡ್ಡ ಹಿಡಿದು.

ಭಾದ್ರಪದದ ಚೌತಿಯ ಚಂದ್ರನನ್ನು ಕಂಡವರಿಗೆ ಮಾಡದ ತಪ್ಪಿನ ಅಪವಾದ ಬರುತ್ತದೆಂಬ ನಂಬಿಕೆ ನಿಮಗೆ ಗೊತ್ತೇ ಇದೆ. ಒಬ್ಬರು ಕಂಡರೂ ಅಪವಾದ ಇಡೀ ಮನೆಗೇ ಎಂಬುದು ಅಮ್ಮನ ಲೆಕ್ಕ, ನಮ್ಮ ಮನೆಯಲ್ಲಂತೂ ಆ ಸಂಜೆ ಕಿಟಕಿಗೂ ಅಗುಳಿ ಬೀಳುತ್ತಿತ್ತು.

ಅವರು ಇನ್ನೊಂದು ಮಾತು ಹೇಳಿದ್ದರು, ನನ್ನನ್ನು ಕೆಡಿಸಿದ್ದು ಅದು. ಯಾರ ನೋಟುಬುಕ್ಕು ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವಳನ್ನು ದಸರಾ ರಜದಲ್ಲಿ ತಮ್ಮ ಜೊತೆ ಹಳೇಬೀಡಿಗೆ ಕರೆದುಕೊಂಡು ಹೋಗುತ್ತಾರೆ. ಸೀಗೆ ಹುಣ್ಣಿಮೆಯ ಸಂಜೆ ಕೆರೆ ಏರಿಯ ಮೇಲೆ ನಿಲ್ಲಿಸುತ್ತಾರೆ. "ಒಂದು ಕಡೆ ಸೂರ್ಯ ಇಳೀತಿರ್ತಾನೆ, ಇನ್ನೊಂದು ಕಡೆ ಚಂದ್ರ ಏಳ್ತಿರ್ತಾನೆ. ಮಧ್ಯ ನೀನು. ಹುಣ್ಣಿಮೆ ಅಂದ್ರೆ ಏನು ಅಂತ ಆಗ ಯಾರೂ ಹೇಳಿಕೊಡಬೇಕಾಗಿಲ್ಲ." ಹೇಳುವಾಗ ಅವರು ನನ್ನನ್ನೇ ನೋಡಿದರು. ಅಥವಾ ನನಗೆ ಹಾಗನ್ನಿಸಿತು. ಆ ಏರಿಯ ಮೇಲೆ ಅವರ ಪಕ್ಕದಲ್ಲಿ ನಿಲ್ಲುವುದನ್ನು ಬಿಟ್ಟು ನನಗೆ ಬೇರೇನೂ ಬೇಡವಾಯಿತು.

ಪಾಡ್ಯದ ದಿನ ಚಂದ್ರ ಕಾಣಲಿಲ್ಲ. ಬಿದಿಗೆಗೆ ಮೋಡ. ತದಿಗೆಗೆ ಕಂಡ, ಬರೆದೆ. ಚೌತಿ ಬಂತು. ಕಡುಬು ತಿಂದು ಹೊಟ್ಟೆ ಭಾರವಾಗಿ ಬುಕ್ಕು ತೆರೆದು ಕೂತರೆ, ಎರಡು ಮನೆಯಲ್ಲಿ ಆಗಲೇ ಚಂದ್ರನಿಲ್ಲ, ಇದೊಂದು ಮೂರನೆಯದು. ಬೇರೆ ಹುಡುಗಿಯರದೂ ಖಾಲಿಯೇ ಇರುತ್ತದೆ ಎಂದು ನನ್ನ ಜಾಣತಲೆಗೆ ಹೊಳೆಯಲಿಲ್ಲ. ದೇವರ ಕೋಣೆಯಲ್ಲಿ ಶಿವನ ಪಟವಿತ್ತು, ಜಟೆಯಲ್ಲಿ ಎಳೆಯ ಚಂದ್ರ. ಚಂದ್ರ ಚಂದ್ರನೇ ತಾನೆ, ಇವನನ್ನು ನೋಡಿದರೆ ಅಪವಾದವೂ ಇಲ್ಲ. ನೋಡಿಕೊಂಡು ಅಚ್ಚುಕಟ್ಟಾಗಿ ಬರೆದೆ. ಪಟ ಬರೆದ ಕಲಾವಿದ ಕೊಂಬನ್ನು ಯಾವ ಕಡೆ ತಿರುಗಿಸಿದ್ದನೋ ಆ ಕಡೆಗೇ ತಿರುಗಿಸಿದೆ. ಅದು ಸೂರ್ಯನ ಚುಕ್ಕಿಯ ಕಡೆಗಿತ್ತು, ಹೊಟ್ಟೆ ಆಚೆಗೆ. ನನಗೆ ಅದು ಗೊತ್ತೇ ಆಗಲಿಲ್ಲ.

ಹಬ್ಬ ಕಳೆದು ಒಂದು ವಾರಕ್ಕೆ ಗಂಡಸಿ ಊರಿನ ಕಡೆಯ ರೈತರೊಬ್ಬರು ಮಂಡಿಗೆ ಬಂದು, ತಾವು ಇಳಿಸಿದ್ದ ಕೊಬ್ಬರಿಯಲ್ಲಿ ಒಂದು ಚೀಲವನ್ನು ಅಪ್ಪ ನುಂಗಿದ್ದಾರೆಂದು ಬೀದಿಯಲ್ಲಿ ನಿಂತು ಕೂಗಾಡಿದರು. ಆ ಚೀಲ ನಾಲ್ಕು ದಿನದ ಮೇಲೆ ಅವರದೇ ಅಟ್ಟದಲ್ಲಿ ಸಿಕ್ಕಿತು, ಅದು ಬೇರೆ ಮಾತು. ಅಪ್ಪ ಆ ಸಂಜೆ ಊಟ ಬಿಟ್ಟರು. ಅಮ್ಮ ಮನೆಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದಳು, ಚೌತಿ ಚಂದ್ರನನ್ನು ನೋಡಿದ್ದು ಯಾರು ಎಂದು. ನನ್ನ ಚೀಲ ಜಾಲಾಡಿದಳು. ಬುಕ್ಕು ಸಿಕ್ಕಿತು.

"ಯಾರೇ ಇದನ್ನ ಬರಿ ಅಂದಿದ್ದು?"

ನೋಡಲಿಲ್ಲ ಎಂದರೆ ಸುಳ್ಳು ಬರೆದದ್ದು ಬಯಲಾಗುತ್ತದೆ. ಟೀಚರಿಗೆ ಗೊತ್ತಾಗುತ್ತದೆ. ಹಳೇಬೀಡು ತಪ್ಪುತ್ತದೆ. ನಾನು, "ಟೀಚರು ದಿನಾ ನೋಡಿ ಬರೀಬೇಕು ಅಂದ್ರು," ಎಂದೆ.

ಮಾರನೆಯ ದಿನ ಅಮ್ಮ ನನ್ನ ರಟ್ಟೆ ಹಿಡಿದುಕೊಂಡು ಹೆಡ್‌ಮೇಡಂ ಕೋಣೆಗೆ ಹೋದಳು. ಟೀಚರನ್ನು ಅಲ್ಲಿಗೆ ಕರೆಸಿದರು.

"ಏನಮ್ಮ, ಹೆಣ್ಮಗಳಿಗೆ ಚೌತಿ ಚಂದ್ರನ್ನ ತೋರ್ಸೋ ವಿದ್ಯೆನಾ ನಿಂದು? ನಮ್ ಯಜಮಾನ್ರ ತಲೆ ಮೇಲೆ ಕಳ್ತನ ಬಂದು ಕೂತೈತೆ. ನಿಂಗೆ ಮನೆ ಮಠ, ದೊಡ್ಡೋರು ಚಿಕ್ಕೋರು ಇಲ್ವಾ?" ಇನ್ನೂ ಏನೇನೋ ಅಂದಳು. ಎಲ್ಲವನ್ನೂ ಇಲ್ಲಿ ಬರೆಯಲು ನನ್ನಿಂದಾಗದು.

ಟೀಚರು ಬುಕ್ಕು ತೆಗೆದುಕೊಂಡು ನಾಲ್ಕನೆಯ ಮನೆಯನ್ನು ನೋಡಿದರು. ಕೊಂಬು ಸೂರ್ಯನ ಕಡೆಗೆ. ಆಕಾಶದಲ್ಲಿ ಚಂದ್ರನನ್ನು ನೋಡಿದವರು ಯಾರೂ ಹಾಗೆ ಬರೆಯಲಾರರು. ಅವರಿಗೆ ಒಂದು ಕ್ಷಣದಲ್ಲಿ ಗೊತ್ತಾಯಿತು. ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಮಾತು ಸಾಕಿತ್ತು, ನಿಮ್ಮ ಮಗಳು ನೋಡಿಯೇ ಇಲ್ಲ, ನಾನು ಬೇಡವೆಂದೇ ಹೇಳಿದ್ದೆ ಎಂದು. ನಾನು ನೆಲ ನೋಡುತ್ತ ನಿಂತೆ. ಅಮ್ಮನ ಕೈಯಲ್ಲಿ ಬೆತ್ತವಿರಲಿಲ್ಲ, ಆದರೆ ಮನೆಯಲ್ಲಿ ಅಪ್ಪನ ಬೆಲ್ಟು ಇರುವುದು ನನ್ನ ಮುಖದಲ್ಲೇ ಕಂಡಿರಬೇಕು.

"ತಪ್ಪಾಯ್ತು ಕಣ್ರೀ ಅಮ್ಮ. ಇನ್ಮೇಲೆ ಹಾಗಾಗಲ್ಲ," ಎಂದರು.

ಚಂದ್ರನ ಪಾಠ ಅಲ್ಲಿಗೆ ನಿಂತಿತು. ಬುಕ್ಕುಗಳನ್ನು ಹೆಡ್‌ಮೇಡಂ ಬೀರುವಿನಲ್ಲಿಟ್ಟರು. ರಜಕ್ಕೆ ಮುಂಚಿನ ದಿನ ಟೀಚರು ಬಾಗಿಲಲ್ಲಿ ನನ್ನನ್ನು ತಡೆದು, ಬೈಯುತ್ತಾರೆಂದುಕೊಂಡರೆ, ಮೆಲ್ಲಗೆ, "ಹೊಟ್ಟೆ ಸೂರ್ಯನ ಕಡೆಗೆ ಕಣೇ. ಮರೀಬೇಡ," ಎಂದರು. ಅಷ್ಟೇ. ನಾನು ತಪ್ಪಾಯಿತು ಎನ್ನಲಿಲ್ಲ. ರಜ ಮುಗಿಸಿ ಹೋದಾಗ ಅವರಿಗೆ ಬಿಕ್ಕೋಡಿಗೆ ವರ್ಗವಾಗಿತ್ತು. ನನ್ನಿಂದಲೇ ಆಯಿತೋ, ಮಾಮೂಲಿ ವರ್ಗವೋ, ನನಗೆ ಇವತ್ತಿಗೂ ತಿಳಿಯದು.

ಮದುವೆಯಾದ ಮೇಲೆ ಒಮ್ಮೆ ಬಿಕ್ಕೋಡಿಗೆ ಹೋಗುವ ಸಂದರ್ಭ ಬಂತು. ಸ್ಕೂಲು ಹುಡುಕಿಕೊಂಡು ಹೋಗಿ ಕೇಳಿದೆ. ಎಂದೋ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರು. ಹಳೇಬೀಡಿನಲ್ಲಿ ಕೇಳಿದ್ದರೆ ತಿಳಿಯುತ್ತಿತ್ತು. ಬೇಲೂರಿನಿಂದ ಬರುವಾಗ ಎಷ್ಟು ಸಲ ನಮ್ಮ ಬಸ್ಸು ಅಲ್ಲಿ ನಿಂತಿದೆ. ಸಹಪ್ರಯಾಣಿಕರು ಇಳಿದು ಕಾಫಿ ಕುಡಿದು ಬರುತ್ತಿದ್ದರು, ನಾನು ಕಿಟಕಿ ಪಕ್ಕ ಕುಳಿತೇ ಇರುತ್ತಿದ್ದೆ. ಇಳಿದರೆ ಕೇಳಬೇಕಾಗುತ್ತಿತ್ತು, ಕೇಳಿದರೆ ಅವರು ಸಿಕ್ಕಿಬಿಡಬಹುದಿತ್ತು. ಈಗ ಅವರು ಇದ್ದಾರೆಂದು ನಂಬುವುದೂ ಕಷ್ಟ. ನನ್ನ ಆಯುಷ್ಯದಲ್ಲಿ ನಾನು ಇಷ್ಟೊಂದು ಹಂಬಲಿಸಿದ ಇನ್ನೊಬ್ಬರಿಲ್ಲ, ಇಷ್ಟೊಂದು ತಪ್ಪಿಸಿಕೊಂಡು ತಿರುಗಿದ ಇನ್ನೊಬ್ಬರೂ ಇಲ್ಲ.

ಮೊನ್ನೆ ಅಮ್ಮ ಅದೇ ಮಾತು ಆಡಿದಾಗ ಬಾಯಿಗೆ ಹೂಂ ಬಂದಿತ್ತು. ಯಾಕೋ ಹೊರಡಲಿಲ್ಲ. ತುರಿಮಣೆ ಪಕ್ಕಕ್ಕಿಟ್ಟು ಅವಳ ಒಳ್ಳೆಯ ಕಿವಿಯ ಹತ್ತಿರ ಹೋಗಿ ಕೂತೆ.

"ಅಮ್ಮ, ಅವರು ತೋರಿಸಲಿಲ್ಲ. ನೋಡಬೇಡಿ ಅಂತಲೇ ಹೇಳಿದ್ರು. ನಾನು ನೋಡೂ ಇಲ್ಲ. ಶಿವನ ಪಟ ನೋಡ್ಕೊಂಡು ಬರೆದೆ. ನಿನ್ನ ಹತ್ರ ಸುಳ್ಳು ಹೇಳಿದೆ."

ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಗಟ್ಟಿಯಾಗಿ. ಅಮ್ಮ ಕೈಯಲ್ಲಿದ್ದ ಗಿಟುಕನ್ನು ಕೆಳಗಿಟ್ಟಳು.

"ಮತ್ತೆ ತಪ್ಪಾಯ್ತು ಅಂದ್ರಲ್ಲೇ ಅವರು?"

"ಅಂದ್ರು."

"ನಿನ್ನ ಉಳಿಸೋಕಾ?"

"ಹೂಂ." ಈ ಹೂಂ ನಿಜ.

"ಹೋಗಿ ಹೇಳಿದ್ಯಾ ಅವರಿಗೆ?"

"ಇಲ್ಲಮ್ಮ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೆಸರೇನು ಆ ತಾಯಿದು?" ಎಂದು ಕೇಳಿದಳು. ಇಷ್ಟು ವರ್ಷ ಅಮ್ಮ ಅದನ್ನು ಕೇಳಿರಲೇ ಇಲ್ಲ, ನಾನು ಹೇಳಿರಲೂ ಇಲ್ಲ. ಹೇಳಿದೆ.

ಗೌರಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯಾಕೆ ಬಂದರು, ಹೊಸದಾಗಿ ಬಾಡಿಗೆಗೆ ಬಂದವರು. ಅಮ್ಮ ಅವರ ಕೈಹಿಡಿದು ಕೂರಿಸಿಕೊಂಡು, ಪೀಠಿಕೆಯೇ ಇಲ್ಲದೆ, "ನನ್ ಮಗಳಿಗೆ ವಿಶಾಲಾಕ್ಷಮ್ಮ ಅಂತ ಒಬ್ರು ಟೀಚರಿದ್ರು ಕಣಮ್ಮ. ಹಳೇಬೀಡಿನೋರು. ಬಲು ಒಳ್ಳೇವ್ರು. ಅವರದೇನೂ ತಪ್ಪಿರಲಿಲ್ಲ, ತಪ್ಪೆಲ್ಲ ನಮ್ದೇ," ಎಂದಳು. ಆಕೆಗೆ ತಲೆಬುಡ ಗೊತ್ತಾಗಲಿಲ್ಲ. "ಹೌದಾ ಅಜ್ಜಿ," ಎಂದು ಕುಂಕುಮ ಇಟ್ಟುಕೊಂಡು ಎದ್ದುಹೋದರು. ಸಂಜೆಯವರೆಗೆ ಇನ್ನೂ ಐದು ಜನ ಬಂದರು. ಅಮ್ಮ ಐದು ಜನಕ್ಕೂ ಹೇಳಿದಳು.