ಇಂಗಿನ ಡಬ್ಬಿ ಮತ್ತು ಕಾಣದ ಹೈಡ್ರೋಜನ್

ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ನನ್ನ ಅಡುಗೆಮನೆಯಲ್ಲಿ ಇವತ್ತು ಬೆಳಿಗ್ಗೆ ಇಂಗು ಮುಗಿಯಿತು. ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿದೆ, ಏನೂ ಬೀಳಲಿಲ್ಲ. ಎಸೆಯಲೆಂದು ಕಸದ ಬುಟ್ಟಿಯ ಮುಚ್ಚಳ ತೆರೆದವಳು ಹಾಗೇ ನಿಂತೆ. ವಾಸನೆ ಬೆರಳಿಗೆ ಹತ್ತಿತ್ತು.

ನಿಮಗೆ ಶಾರದಾ ಆಂಟಿಯ ವಿಷಯ ಹೇಳಬೇಕು. ಧಾರವಾಡದವರು, ಮನೆ ಫ್ಲವರ್ ಮೌಂಡ್ ಎಂಬ ಊರಿನಲ್ಲಿ. ನಾನು ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಒಂದು ಬೇಸಿಗೆ ಅವರ ಮಹಡಿಯ ಕೋಣೆಯಲ್ಲಿದ್ದೆ. ಅಮ್ಮನಿಗೆ ಅವರು ಪರಿಚಯ. ನನ್ನ ರೂಮಿನ ಲೀಸ್ ಮುಗಿದಿತ್ತು. ನಾನು ಹೆಚ್ಚು ಮಾತಿನವಳಲ್ಲ. ಅದರಿಂದ ಅವರಿಗೇನೂ ತೊಂದರೆಯಾಗಲಿಲ್ಲ, ನನ್ನ ಪಾಲಿನದನ್ನೂ ಅವರೇ ಮಾತಾಡುತ್ತಿದ್ದರು.

ಗೆಲಾಕ್ಸಿಗಳ ಒಂದು ದೊಡ್ಡ ಗುಂಪಿನ ಸುತ್ತಮುತ್ತ ಇರುವ ಗೆಲಾಕ್ಸಿಗಳಲ್ಲಿ ಹೈಡ್ರೋಜನ್ ಅನಿಲ ಎಷ್ಟಿದೆ ಎಂದು ರೇಡಿಯೋ ದೂರದರ್ಶಕದ ದತ್ತಾಂಶದಿಂದ ಅಳೆಯುವುದು ಆಗ ನನ್ನ ಕೆಲಸವಾಗಿತ್ತು. ಹೊಸ ನಕ್ಷತ್ರಗಳಿಗೆ ಈ ಅನಿಲವೇ ಮೂಲ. ಗುಂಪಿನ ಹತ್ತಿರ ಬಂದ ಗೆಲಾಕ್ಸಿಗಳು ಅದನ್ನು ಕಳೆದುಕೊಳ್ಳುತ್ತವೆ. ಹತ್ತಿರದವುಗಳಲ್ಲಿ ಹಲವುಗಳಿಂದ ನನಗೆ ಅನಿಲದ ರೇಡಿಯೋ ಸಂಕೇತವೇ ಕಾಣಲಿಲ್ಲ. ಕೋಷ್ಟಕದಲ್ಲಿ ಸೊನ್ನೆ ಬರೆದೆ. ಗುಂಪಿಗೆ ಹತ್ತಿರವಾದಂತೆ ಗ್ರಾಫ್ ಚೆಂದವಾಗಿ ಸೊನ್ನೆಗೆ ಇಳಿಯಿತು. ಮುಂದಿನ ವಾರ ಹ್ಯೂಸ್ಟನ್‌ನಲ್ಲಿ ನನ್ನ ಮೊದಲ ಉಪನ್ಯಾಸವಿತ್ತು. ‘ಪೂರ್ತಿ ಬರಿದಾದ ಗೆಲಾಕ್ಸಿಗಳು’ ಎಂಬ ಶೀರ್ಷಿಕೆಯನ್ನು ಕಳಿಸಿಯೂ ಆಗಿತ್ತು.

ಆ ಶನಿವಾರ, ಸಹಾಯ ಮಾಡುವ ಉತ್ಸಾಹದಲ್ಲಿ, ಆಂಟಿಯ ಇಂಗಿನ ಡಬ್ಬಿಯನ್ನು ಕಸಕ್ಕೆ ಹಾಕಲು ಹೋದೆ. ಅವರು ಕೈ ಹಿಡಿದರು.

“ಖಾಲಿ ಆಂಟಿ, ಮುಗಿದಿದೆ.”

“ಖಾಲಿ ಅಂತ ಯಾರು ಹೇಳ್ಯಾರವಾ ನಿನಗ? ನಿನ್ನ ಕಣ್ಣಿಗೆ ಕಾಣಲಿಲ್ಲ, ಅಷ್ಟ.”

ಕಪಾಟಿನಿಂದ ಇನ್ನೂ ಮೂರು ಖಾಲಿ ಡಬ್ಬಿ ಇಳಿಸಿದರು, ಕೂಡಿಟ್ಟಿದ್ದವು. ಒಂದೇ ಲೋಟ ಬಿಸಿನೀರನ್ನು ಒಂದರಿಂದ ಇನ್ನೊಂದಕ್ಕೆ ಸುರಿದು, ಕುಲುಕಿ, ಕೊನೆಗೆ ಸಾರಿಗೆ ಹಾಕಿದರು. ಘಮ ಟಿವಿ ಮುಂದೆ ಕೂತಿದ್ದ ಅಂಕಲ್‌ವರೆಗೂ ಹೋಯಿತು.

“ಆಕಿ ಖಾಲಿ ಡಬ್ಬಿ ಮ್ಯಾಲೆ ಯಾವಾಗೋ ಪಿಎಚ್‌ಡಿ ಮುಗಿಸ್ಯಾಳ,” ಎಂದರು ಅಂಕಲ್. “ನಿಂದ ಇನ್ನೂ ನಡದದ.”

ನಕ್ಕೆ. ಊಟ ಮುಗಿಯುವಷ್ಟರಲ್ಲಿ ನಗು ಹೋಗಿತ್ತು. ‘ಕಾಣಲಿಲ್ಲ’ ಎನ್ನಬೇಕಾದ ಕಡೆಯಲ್ಲೆಲ್ಲ ನಾನು ‘ಇಲ್ಲ’ ಎಂದು ಬರೆದಿದ್ದೆ. ಮೊದಲ ವರ್ಷದ ವಿದ್ಯಾರ್ಥಿಗೂ ಹೇಳಿಕೊಡುವ ಪಾಠ ಇದು. ನಾನೇ ಒಬ್ಬಿಬ್ಬರಿಗೆ ಹೇಳಿಕೊಟ್ಟಿದ್ದೆ. ಮಹಡಿಗೆ ಹೋಗಿ, ಕಾಣದ ಗೆಲಾಕ್ಸಿಗಳ ದತ್ತಾಂಶವನ್ನೆಲ್ಲ ಒಂದೊಂದರಲ್ಲಿ ಕಾಣದ್ದು ಕೂಡಿದರೆ ಕಂಡೀತೆಂದು ಒಂದರ ಮೇಲೊಂದು ಹೊಂದಿಸಿ ಕೂಡಿಸಿದೆ. ಗ್ರಾಫಿನಲ್ಲಿ ಗದ್ದಲದ ಅಂಕುಡೊಂಕು ಗೆರೆಯ ನಡುವೆ ಒಂದು ಸಣ್ಣ ದಿಬ್ಬ ಎದ್ದಿತು. ಅನಿಲ ಬಹಳ ಕಡಿಮೆಯಿತ್ತು. ಆದರೆ ಇತ್ತು.

ಗೈಡ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಶೀರ್ಷಿಕೆ ಬದಲಿಸು ಎಂದರು. ಹ್ಯೂಸ್ಟನ್‌ನಲ್ಲಿ ನನ್ನ ಗ್ರಾಫ್ ಅಷ್ಟೇನೂ ಚೆಂದವಿರಲಿಲ್ಲ; ಮುಂದಿನ ಸಾಲಿನವರೊಬ್ಬರು ಗಡಿಯಾರ ನೋಡಿಕೊಂಡರು. ನಾನು ಮಾತ್ರ ಕೊನೆಯ ಸ್ಲೈಡ್‌ವರೆಗೂ ಅಳುಕದೆ ಮಾತಾಡಿದೆ.

ಈಗ ನಾನು ಕೆಲಸ ಮಾಡುವುದು ಟೇಲರ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ. ಇಲ್ಲಿಗೆ ಶಿಫ್ಟ್ ಆದಮೇಲೆ ಆಂಟಿಗೆ ಫೋನ್ ಮಾಡಿಲ್ಲ, ಅವರೂ ಮಾಡಿಲ್ಲ. ಆ ಪರಿಚಯ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಬುಟ್ಟಿಯ ಮುಚ್ಚಳ ಮುಚ್ಚಿ, ಒಲೆಯ ಮೇಲೆ ನೀರಿಟ್ಟು, ಅವರ ನಂಬರ್ ಹುಡುಕಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

“ಆಂಟಿ, ಇಂಗು ಮುಗೀತು.”

“ಡಬ್ಬಿ ಕಸದಾಗ ಒಗದಿಯೇನವಾ?”

“ಇಲ್ಲ,” ಎಂದೆ, “ನೀರು ಕಾಯ್ತಾ ಇದೆ.”